ಅಕ್ಕನ ಹೊಂಡದ ಮೊದಲ ಮೊಗ್ಗು

ನಮ್ಮಕ್ಕನ ಹಿತ್ತಲಿಗೆ ಹೋದಾಗ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಇದು ಅಕ್ಕ ಮಾಡಿದ ಕಾನೂನು. ಹಿತ್ತಲ ಬಾಗಿಲು ದಾಟಿದ ಕೂಡಲೇ ಕೈ ಹಿಂದೆ. ಚಹಾ ಕೊಟ್ಟರೆ ಒಳಗೆ ಬಂದು ಕುಡಿಯಬೇಕು. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಗೊತ್ತಿಲ್ಲದವರು ನೋಡಿ, “ಏನ್ರೀ, ತಪಾಸಣಿಗೆ ಬಂದ ಸಾಹೇಬ್ರಂಗ ನಿಂತೀರಿ?” ಎನ್ನುತ್ತಾರೆ. ಬೆನ್ನು ನೋವು ಅನ್ನುತ್ತೇನೆ. ಅದು ಪೂರ್ತಿ ಸುಳ್ಳಲ್ಲ. ಗಂಗಾವತಿಯ ಗೊಬ್ಬರದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಚೀಲ ಹೊತ್ತವನಿಗೆ ಬೆನ್ನು ನೋವು ಇದ್ದೇ ಇರುತ್ತದೆ. ಆದರೆ ಕೈ ಹಿಂದೆ ಹೋಗಿದ್ದು ಬೆನ್ನಿಗಾಗಿ ಅಲ್ಲ, ಆ ಕೈಗಳು ಮಾಡಿದ ಕೆಲಸಕ್ಕಾಗಿ. ಅದರಲ್ಲಿ ಅರ್ಧ ನಮ್ಮ ಓಣಿಗೆಲ್ಲ ಗೊತ್ತು. ಉಳಿದ ಅರ್ಧವನ್ನು ನಾನು ಒಂದು ವರ್ಷ ಮುಚ್ಚಿಟ್ಟಿದ್ದೆ. ಎರಡನ್ನೂ ಸೇರಿಸಿ ಒಮ್ಮೆ ಬರೆದುಬಿಡೋಣವೆಂದು ಕೂತಿದ್ದೇನೆ. ಆರನೇ ತರಗತಿಗೆ ಶಾಲೆ ಬಿಟ್ಟವನು ನಾನು. ಗೊಬ್ಬರದ ಚೀಲದ ಮೇಲಿನ ಅಕ್ಷರ ಓದುತ್ತಲೇ ಓದನ್ನು ಉಳಿಸಿಕೊಂಡಿದ್ದೇನೆ. ಬರಹದಲ್ಲಿ ಎಲ್ಲಾದರೂ ಯೂರಿಯಾ ವಾಸನೆ ಬಂದರೆ ಸಹಿಸಿಕೊಳ್ಳಬೇಕು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅಕ್ಕನ ಗಂಡ, ಅಂದರೆ ನಮ್ಮ ಮಾವ, ಮುನಿರಾಬಾದಿನಲ್ಲಿ ಕಾಲುವೆ ಗೇಟಿನ ಕೆಲಸದಲ್ಲಿದ್ದರು. ಅಲ್ಲಿ ಅವರ ಕ್ವಾರ್ಟರ್ಸಿನ ಹಿಂದೆ ಒಂದು ಹಳೆಯ ಸಿಮೆಂಟಿನ ತೊಟ್ಟಿ ಇತ್ತು. ಆ ತೊಟ್ಟಿಯಲ್ಲಿ ಕಮಲ. ಯಾರು ಹಚ್ಚಿದ್ದೋ ಗೊತ್ತಿಲ್ಲ, ಅಕ್ಕ ಹೋಗುವ ಮೊದಲೇ ಇತ್ತಂತೆ. ವರ್ಷಕ್ಕೆ ಮೂರು ನಾಲ್ಕು ಗುಲಾಬಿ ಬಣ್ಣದ ಹೂ ಬಿಡುತ್ತಿತ್ತು. ಮಾವ ನಿವೃತ್ತಿಯಾಗಿ ಗಂಗಾವತಿಗೆ ಬರುವಾಗ ಹಂಡೆ, ಕಪಾಟು, ಮಲಗುವ ಹೊರಸು ಎಲ್ಲವೂ ಟೆಂಪೋದಲ್ಲಿ ಬಂದವು. ಕಮಲದ ಗಡ್ಡೆ ಮಾತ್ರ ಹಸಿ ಗೋಣಿಚೀಲದಲ್ಲಿ ಸುತ್ತಿಕೊಂಡು ಅಕ್ಕನ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಬಂತು.

ಹಿಟ್ನಾಳ ದಾಟುವುದರೊಳಗೆ ಸೀಟು ತೊಯ್ದು ನೀರು ಕಾಲಡಿ ಹರಿಯತೊಡಗಿತಂತೆ.

“ಯವ್ವಾ, ಏನದು ಸೋರಾಕತ್ತೈತಿ?” ಎಂದು ಕಂಡಕ್ಟರ್ ಕೇಳಿದ.

“ಮಗಳಪಾ. ಭಾಳ ಬೆವರತಾಳ,” ಎಂದಳು ಅಕ್ಕ.

“ಹಂಗಾದ್ರ ಟಿಕೀಟ್ ತಗಸಬೇಕಾಕ್ಕೈತಿ ನೋಡ್ರಿ.”

“ಇನ್ನಾ ಮೂರು ವರ್ಷ ತುಂಬಿಲ್ಲಪಾ ಅದಕ್ಕ!”

ಮಾವ ಕಿಟಕಿಯ ಆಚೆ ನೋಡುತ್ತ, ಈ ಹೆಂಗಸು ಯಾರೋ ತನಗೆ ಗೊತ್ತಿಲ್ಲವೆಂಬಂತೆ ಕೂತಿದ್ದರಂತೆ. ಇದನ್ನು ಮಾವನೇ ಹೇಳಿದ್ದು.

ಅಕ್ಕನಿಗೂ ಮಾವನಿಗೂ ಮಕ್ಕಳಿಲ್ಲ. ಅದನ್ನು ಇಲ್ಲಿಗೆ ಎಳೆದು ತರುವ ಮನಸ್ಸು ನನಗಿರಲಿಲ್ಲ. ಆದರೆ ಓಣಿಯವರಿಗೆ ಇತ್ತು, ಅದು ಮುಂದೆ ಬರುತ್ತದೆ.

ಗಂಗಾವತಿಯ ಮನೆಯ ಹಿತ್ತಲಲ್ಲಿ ಹೊಂಡ ತೋಡುವುದೆಂದು ಆಯಿತು. ಎರಡು ಹೊರಸು ಜೋಡಿಸಿದಷ್ಟು ಅಗಲ, ತೊಡೆ ಮುಳುಗುವಷ್ಟು ಆಳ. ಮಾವ ಸಿಮೆಂಟು ಬೇಕೆಂದರು. ನಾನು ಬೇಡವೆಂದೆ. ನಮ್ಮ ಭಾಗದ ಎರೆಮಣ್ಣಿನ ಗದ್ದೆಗಳು ನಾಲ್ಕು ತಿಂಗಳು ನೀರು ಹಿಡಿದು ನಿಲ್ಲುತ್ತವೆ, ಅವಕ್ಕೆ ಯಾರು ಸಿಮೆಂಟು ಹಾಕಿದ್ದಾರೆ? ಕೆಸರು ಚೆನ್ನಾಗಿ ತುಳಿದರೆ ಸಾಕು, ಮಣ್ಣೇ ಮುಚ್ಚಿಕೊಳ್ಳುತ್ತದೆ. ಜೀವನದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಸರಿಯಾದದ್ದು ಇದೊಂದೇ ಇರಬೇಕು. ಅದಕ್ಕೇ ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಒಂದು ಅಮಾವಾಸ್ಯೆಯ ದಿನ ಅಂಗಡಿಗೆ ರಜೆ ಇತ್ತು. ಹೊಂಡಕ್ಕೆ ಮೊಣಕಾಲುದ್ದ ನೀರು ಬಿಟ್ಟು ನಾನು, ನನ್ನ ಹೆಂಡತಿ, ಮಾವ, ಅಕ್ಕ ನಾಲ್ವರೂ ಇಳಿದೆವು. ಅಕ್ಕನಿಗೆ ಅರವತ್ತು ಸಮೀಪಿಸಿತ್ತು. ಸೀರೆಯನ್ನು ಕಚ್ಚೆ ಹಾಕಿ ಸಿಕ್ಕಿಸಿಕೊಂಡು, ಮಾವನ ಹೆಗಲು ಹಿಡಿದು, ಒಂದೊಂದೇ ಕಾಲನ್ನು ‘ಪಚಕ್’ ಎಂದು ಎತ್ತಿ ಹಾಕತೊಡಗಿದಳು. ಮೊದಲು ಎಲ್ಲರೂ ಗಂಭೀರವಾಗಿಯೇ ಇದ್ದೆವು. ನನ್ನ ಹೆಂಡತಿ ಮೊಬೈಲಿನಲ್ಲಿ ಯಾವುದೋ ಕುಣಿಯುವ ಹಾಡು ಹಾಕಿ ಗೋಡೆಯ ಮೇಲಿಟ್ಟಳು. ಅಲ್ಲಿಂದ ಗಾಂಭೀರ್ಯ ಹೋಯಿತು. ಮಾವ ಜಾರಿ ಕೂತರು. ಅವರನ್ನು ಎಬ್ಬಿಸಲು ಹೋಗಿ ಅಕ್ಕ ಅವರ ಮೇಲೆಯೇ ಕೂತಳು. ನಗು ತಡೆಯಲಾಗದೆ ಇಬ್ಬರೂ ಎಮ್ಮೆಗಳ ಹಾಗೆ ಅಲ್ಲೇ ಹೊರಳಾಡಿದರು.

ಗೋಡೆಯಾಚೆಯ ಮನೆಯ ಮುದುಕಿಗೆ ಓಣಿಯವರೆಲ್ಲ ದೊಡ್ಡವ್ವ ಅನ್ನುತ್ತಾರೆ. ಎಪ್ಪತ್ತೈದು ದಾಟಿದ ಆಕೆ ಗೋಡೆಯ ಮೇಲೆ ಗದ್ದವೂರಿ ನೋಡುತ್ತಿದ್ದಳು.

“ಏನ್ರವಾ, ಹಿತ್ತಲದಾಗ ಗದ್ದಿ ಮಾಡೀರಿ? ಎಷ್ಟು ಚೀಲ ಬರತಾವ?”

“ಬಂದಷ್ಟರಾಗ ನಿಮಗ ಅರ್ಧ, ದೊಡ್ಡವ್ವಾ. ಬರ್ರಿ, ತುಳೀರಿ!” ಎಂದು ಅಕ್ಕ ಕೂಗಿದಳು.

ಆಕೆ ಬಂದೇಬಿಟ್ಟಳು! ಎರಡು ಸುತ್ತು ತುಳಿದು, “ನಮ್ಮ ಕಾಲಕ್ಕ ಹಿಂಗ ಹಲ್ಲು ಕಿಸಿದ್ರ ಗೌಡ ಕೂಲಿ ಕೊಡ್ತಿದ್ದಿಲ್ಲ” ಎಂದು ನಮಗೆ ಬೈದು, ತಾನೂ ಕಿಸಿದು ಹೋದಳು.

ಮಾರನೆಯ ದಿನ ಹೊಂಡ ತುಂಬಿಸಿದೆವು. ಮಾವ ಇಡೀ ಜನ್ಮ ಕಾಲುವೆಯ ನೀರಿನ ಮಟ್ಟ ನೋಡಿ ಬರೆದುಕೊಂಡವರು. ಬಿದಿರಿನ ಗಳಕ್ಕೆ ಬೆರಳಿಗೊಂದು, ಮಾವನ ಮಾತಿನಲ್ಲಿ ಬಳ್ಳಿಗೊಂದು, ಗೆರೆಯಂತೆ ಬಣ್ಣ ಬಳಿದು ಹೊಂಡದ ಮೂಲೆಯಲ್ಲಿ ನೆಟ್ಟರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ಬಗ್ಗಿ ನೋಡಿ, “ಅರ್ಧ ಬಳ್ಳೂ ಇಳಿದಿಲ್ಲ” ಎಂದು ಯಾರೂ ಕೇಳದಿದ್ದರೂ ವರದಿ ಒಪ್ಪಿಸುತ್ತಿದ್ದರು.

ಮುಂದಿನ ಎರಡು ತಿಂಗಳು ನಮಗೆ ಹುಚ್ಚು ಹಿಡಿದಿತ್ತು ಅಂತಲೇ ಹೇಳಬೇಕು. ಗಡ್ಡೆಯನ್ನು ನಡುವೆ ಕೆಸರಿಗೆ ಒತ್ತಿ ಇಟ್ಟೆವು. ದಂಡೆಗೆ ಆನೆಕಿವಿಯಂಥ ಎಲೆಯ ಕೆಸು, ಕೆಂಪು ಹೂವಿನ ಕಾಬಾಳೆ. ಆನೆಗೊಂದಿಯಿಂದ ಬಾಳೆ ಕಂದು ತರಲು ನಾನೂ ಮಾವನೂ ಬೈಕಿನಲ್ಲಿ ಹೋದೆವು. ಬರುವಾಗ ಹಿಂದೆ ಕೂತ ಮಾವನ ತೋಳಿನಲ್ಲಿ ಕಂದು, ಅದರ ಎಲೆ ಗಾಳಿಗೆ ಬಡಿದು ನನ್ನ ಕಣ್ಣಿಗೆ. ಬಂಡೆಗುಡ್ಡಗಳ ನಡುವಿನ ದಾರಿಯಲ್ಲಿ ಎದುರು ಬಂದವರೆಲ್ಲ ಯಾವುದೋ ಮೆರವಣಿಗೆಯೆಂದು ದಾರಿ ಬಿಟ್ಟರು. ಸೊಳ್ಳೆಮರಿ ತಿನ್ನಲು ಆಶಾ ಕಾರ್ಯಕರ್ತೆ ಪ್ಲಾಸ್ಟಿಕ್ ಚೀಲದಲ್ಲಿ ಗಪ್ಪಿ ಮೀನು ತಂದುಕೊಟ್ಟಳು.

“ಅಯ್ಯ ಶಿವನ, ನಿಮ್ಮ ಮನ್ಯಾಗ ಮೀನಾ?” ಎಂದು ದೊಡ್ಡವ್ವ ಗೋಡೆಯ ಮೇಲಿಂದ ಎದೆ ಬಡಿದುಕೊಂಡಳು.

“ತಿನ್ನಾಕಲ್ಲ ದೊಡ್ಡವ್ವಾ, ಸಾಕಾಕ,” ಎಂದಳು ಅಕ್ಕ.

“ದೊಡ್ಡವಾದ ಮ್ಯಾಲ?”

“ದೊಡ್ಡವು ಆಗಂಗಿಲ್ಲ. ಇಷ್ಟ ಇರತಾವ.”

“ಹಾಲು ಹಿಂಡಾಕ ಬರಂಗಿಲ್ಲ, ಸಂತ್ಯಾಗ ಮಾರಾಕ ಬರಂಗಿಲ್ಲ, ದೊಡ್ಡವೂ ಆಗಂಗಿಲ್ಲ. ಹಂಗಾದ್ರ ಎದಕ್ಕ ಸಾಕ್ತೀ?”

ಅಕ್ಕನಿಗೆ ಎದಕ್ಕೆಂದು ಗೊತ್ತಿತ್ತು. ಬೆಳಿಗ್ಗೆ ಕಲ್ಲಿನ ಮೇಲೆ ಕೂತು ಮೀನುಗಳೊಡನೆ ಮಾತಾಡುವುದಕ್ಕೆ. ಕಿತ್ತಳೆ ಬಾಲದ ಒಂದು ಗಂಡಿಗೆ ಸಿಟ್ಟು ಜಾಸ್ತಿ ಅಂತ ಅಕ್ಕನ ಅಭಿಪ್ರಾಯ. “ನಿನ್ನೆ ಯಾಕ ಉಣ್ಣಲಿಲ್ಲ? ಯಾರೇನಂದ್ರು?” ಎಂದು ಅದನ್ನು ದಿನವೂ ಓಲೈಸುತ್ತಿದ್ದಳು.

ಎಲ್ಲವೂ ಬಂತು. ಕೆಸು ಗೋಡೆಯೆತ್ತರಕ್ಕೆ ಬೆಳೆಯಿತು. ಬಾಳೆ ಎರಡು ಮರಿ ಹಾಕಿತು. ಮೀನು ನೂರಾದವು. ಕಮಲದ ಎಲೆಗಳು ಊಟದ ತಟ್ಟೆಯಷ್ಟು ಅಗಲವಾಗಿ ಹೊಂಡ ಮುಚ್ಚಿದವು. ಹೂ ಮಾತ್ರ ಬರಲಿಲ್ಲ. ಒಂದು ವರ್ಷ ಕಾದೆವು. ಎರಡನೆಯ ವರ್ಷ ಅರ್ಧ ಕಳೆದರೂ ಬರೀ ಎಲೆ.

“ಊಟದ ಪತ್ರಾಳಿ ಧಂದೆ ಚಾಲೂ ಮಾಡ್ರಿ,” ಎಂದು ದೊಡ್ಡವ್ವ ನಗಾಡಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವೂ ನಗುತ್ತಿದ್ದೆವು. ನೀರಿನ ನಳದ ಹತ್ತಿರ ಇನ್ನೊಬ್ಬಳು ದನಿ ತಗ್ಗಿಸಿದಂತೆ ಮಾಡಿ, “ಕೈಗುಣ ಅಂತ ಇರತೈತ್ರೀ. ಕೆಲವರ ಮನ್ಯಾಗ ಹೂ ಕಾಯಿ ಹಿಡಿಯಂಗಿಲ್ಲ,” ಎಂದಳು. ಅಕ್ಕ ಕೊಡ ತುಂಬಿಸಿಕೊಂಡು ಬಂದು, ಏನೂ ಆಗದವಳಂತೆ ಹೊಂಡದ ದಂಡೆಗೆ ಕೂತಳು. “ಮುನಿರಾಬಾದ್ನಾಗ ಬಿಡತಿತ್ತಲ್ಲೋ ತಮ್ಮಾ? ನೀನ ನೋಡೀಯಲ್ಲ?” ಎಂದು ನನ್ನನ್ನು ಸಾಕ್ಷಿ ಕೇಳಿದಳು. ನೋಡೀನಿ ಅಂದೆ. ಅಂದಿನಿಂದ ಆ ಹೂ ನನಗೂ ಬೇಕೇಬೇಕಾಯಿತು.

ಬೇಸಿಗೆ ಮುಗಿಯುತ್ತ ಬಂದಿತ್ತು. ಮುನಿರಾಬಾದಿನ ಹಳೆಯ ನೆರೆಮನೆಯವರ ಮಗಳ ಮದುವೆಗೆಂದು ಅಕ್ಕ, ಮಾವ ಹತ್ತು ದಿನ ಹೊರಟರು. ಬೀಗದ ಕೈ ನನಗೆ ಕೊಡುತ್ತ ಅಕ್ಕ ಅಂದಳು: “ಮೀನಿಗೆ ಚಿಟಿಕಿ ಕಾಳು ಹಾಕು. ಉಳಿದದ್ದು ಏನೂ ಮುಟ್ಟಬ್ಯಾಡ. ಬರೇ ನೋಡು.”

ಬರೇ ನೋಡುವುದು ನನ್ನಂಥವನಿಗೆ ಬಹಳ ಕಷ್ಟದ ಕೆಲಸ. ಅಂಗಡಿಗೆ ಬರುವ ರೈತರು ‘ಎಲಿ ಹಳದಿ ಆಗ್ಯಾವ, ಏನು ಹಾಕ್ಲಿ?’ ಎಂದು ಕೇಳುತ್ತಾರೆ. ಮಾಲೀಕರು ಫೋನಿನಲ್ಲಿದ್ದರೆ ಉತ್ತರ ನಾನೇ ಕೊಡುತ್ತೇನೆ. ಇಪ್ಪತ್ತಾರು ವರ್ಷ ಉತ್ತರ ಕೊಟ್ಟವನಿಗೆ ತನಗೆ ಗೊತ್ತಿಲ್ಲದ್ದು ಭೂಮಿಯ ಮೇಲೆ ಇದೆ ಅನ್ನಿಸುವುದಿಲ್ಲ. ನಾನು ಹೀಗೆ ಲೆಕ್ಕ ಹಾಕಿದೆ: ಭತ್ತವೂ ನೀರಿನಲ್ಲಿ ನಿಲ್ಲುತ್ತದೆ, ಕಮಲವೂ ನೀರಿನಲ್ಲಿ ನಿಲ್ಲುತ್ತದೆ. ಭತ್ತಕ್ಕೆ ತೆನೆ ಕಟ್ಟುವ ಮೊದಲು ಮೇಲುಗೊಬ್ಬರ ಕೊಡುತ್ತೇವೆ. ಇದಕ್ಕೆ ಯಾರೂ ಕೊಟ್ಟಿಲ್ಲ, ಅದಕ್ಕೇ ಹೂವಿಲ್ಲ. ಭತ್ತದ ಎಲೆ ಬೆರಳಗಲ, ಇದರದ್ದು ತಟ್ಟೆಯಗಲ. ಎಲೆ ದೊಡ್ಡದಾದರೆ ಹೊಟ್ಟೆಯೂ ದೊಡ್ಡದಿರಬೇಕು. ಅಂಗಡಿಯಿಂದ ಒಂದು ಡಬ್ಬಿ ಯೂರಿಯಾ, ಒಂದು ಡಬ್ಬಿ ಡಿಎಪಿ ತಂದು, ಸೋಮವಾರ ಸಂಜೆ, ಗದ್ದೆಗೆ ಒಗೆಯುವ ಹಾಗೆಯೇ ಸೊಂಟ ತಿರುಗಿಸಿ ಒಗೆದೆ. ಅಕ್ಕ ಬರುವಷ್ಟರಲ್ಲಿ ಹೂವಿನ ರಾಶಿ ಬಿದ್ದಿರುತ್ತದೆ ಅಂದುಕೊಂಡು ಸಿಳ್ಳೆ ಹಾಕುತ್ತ ಮನೆಗೆ ಹೋದೆ. ಗದ್ದೆಯಲ್ಲಿ ಮೀನಿರುವುದಿಲ್ಲ ಅನ್ನುವ ಒಂದು ಸಣ್ಣ ಸಂಗತಿ ನನಗೆ ನೆನಪಾಗಲಿಲ್ಲ.

ಬುಧವಾರ ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕಿತ್ತಳೆ ಬಾಲವೂ ಇತ್ತು. ಸೋಸುವ ಜರಡಿಯಿಂದ ತೆಗೆದು ಬಾಳೆಯ ಬುಡಕ್ಕೆ ಹೂತೆ. ಎಲೆಗಳ ಅಂಚು ಸುಟ್ಟ ರೊಟ್ಟಿಯ ಹಾಗೆ ಕಂದಾಗಿತ್ತು. ಗಾಬರಿಯಿಂದ ಅರ್ಧ ನೀರು ಹೊರಗೆ ಹಾಕಿ ಬೋರಿನ ನೀರು ಬಿಟ್ಟೆ. ಶುಕ್ರವಾರ ಹೆಂಡತಿಯ ಕತ್ತರಿ ತಂದು, ಹೊಂಡಕ್ಕಿಳಿದು, ಸುಟ್ಟ ಅಂಚನ್ನೆಲ್ಲ ದುಂಡಗೆ ಕತ್ತರಿಸತೊಡಗಿದೆ. ಕ್ಷೌರದಂಗಡಿಯಲ್ಲಿ ಕುಳಿತವರ ಹಾಗೆ ಎಲೆಗಳು ತಲೆ ಬಾಗಿಸಿ ಕತ್ತರಿಸಿಕೊಂಡವು. ಪೂರ್ತಿ ಕೊಳೆತ ಒಂದು ಎಲೆಯನ್ನು ಎಳೆದಾಗ ಅದರ ಪಕ್ಕದ ಇನ್ನೊಂದು ದಂಟೂ ಕಿತ್ತು ಬಂತು. ಅದರ ತುದಿಯಲ್ಲಿ ಎಲೆ ಇರಲಿಲ್ಲ.

ಮೊಗ್ಗು ಇತ್ತು. ಹೆಬ್ಬೆರಳಿನಷ್ಟು ದಪ್ಪ. ತುದಿಯಲ್ಲಿ ಗುಲಾಬಿಯ ಒಂದು ಗೆರೆ, ಉಳಿದದ್ದೆಲ್ಲ ಸುಟ್ಟು ಕಪ್ಪು. ನೀರಿನೊಳಗೆ, ಎಲೆಗಳ ಅಡಿಯಲ್ಲಿ, ಯಾರ ಗೊಬ್ಬರವೂ ಇಲ್ಲದೆ ತಾನಾಗಿಯೇ ಬಂದು ಮೇಲೆ ಏಳಲು ತಯಾರಾಗುತ್ತಿತ್ತು. ನಾನು ಬರೇ ನೋಡಿಕೊಂಡು ಇದ್ದಿದ್ದರೆ ಅಕ್ಕ ಬರುವ ಹೊತ್ತಿಗೆ ಅರಳಿರುತ್ತಿತ್ತು.

ಆ ಕ್ಷಣ ನಾನು ಅಳಬೇಕಿತ್ತು. ಅಳುವುದು ಬಿಟ್ಟು ಮೊಗ್ಗನ್ನು ಅಂಗಿಯ ಜೇಬಿಗೆ ಹಾಕಿಕೊಂಡು ತಲೆ ಓಡಿಸಿದೆ. ಆಶಾ ಕಾರ್ಯಕರ್ತೆಯ ಕೈಕಾಲು ಹಿಡಿದು ಹೊಸ ಮೀನು ತಂದೆ. ಹೂವಿನ ಅಂಗಡಿಯಲ್ಲಿ ಗುಲಾಬಿ ಕಮಲ ತರಿಸಿಕೊಂಡೆ. ಅಕ್ಕನ ಮನೆಯ ಮೂಲೆಯಲ್ಲಿದ್ದ ಹಳೆಯ ಕೊಡೆಯ ಬಟ್ಟೆ ಹರಿದು, ನಡುಗಡ್ಡಿ ತೆಗೆದು, ಅದಕ್ಕೆ ಹೂವಿನ ದಂಟನ್ನು ದಾರದಿಂದ ಬಿಗಿದು ಕೆಸರಿಗೆ ಚುಚ್ಚಿದೆ. ದೂರದಿಂದ ನೋಡಿದರೆ ದೇವರೇ ಹಚ್ಚಿದಂತಿತ್ತು.

ಅಕ್ಕ ಬಂದವಳು ಚಪ್ಪಲಿ ಬಿಡದೆ ಹಿತ್ತಲಿಗೆ ಓಡಿದಳು. ಆಮೇಲೆ ಕೇಳಿದ್ದು ಒಂದು ಕೂಗು. ಕಳ್ಳ ಬಂದಾಗಲೂ ಯಾರೂ ಹಾಗೆ ಕೂಗುವುದಿಲ್ಲ. “ಬಂತು! ಬಂತು! ಬರ್ರೇ, ಬರ್ರೀ, ಎಲ್ಲಾರೂ ಬರ್ರಿ!” ಓಣಿ ಬಂತು. ಮಾವ ಚಪ್ಪಲಿ ಬಿಟ್ಟು ಕೈ ಮುಗಿದರು. ದೊಡ್ಡವ್ವ ಅರಿಷಿಣ ಕುಂಕುಮ ತಂದಳು. ನಳದ ಹತ್ತಿರ ಕೈಗುಣದ ಮಾತಾಡಿದವಳು ಹೂವಿನೊಡನೆ ನಾಲ್ಕು ಸೆಲ್ಫಿ ತೆಗೆದುಕೊಂಡಳು. ಅಕ್ಕ ಎರಡು ಸೇರು ಮಂಡಕ್ಕಿ ಕಲಸಿ, ಮಿರ್ಚಿ ಕರಿದು ಬಂದವರಿಗೆಲ್ಲ ಹಂಚಿದಳು. ಎಲ್ಲರೂ ಕುಣಿದಾಡುತ್ತಿದ್ದರು. ತಮಾಷೆಯೆಂದರೆ, ನಾನೂ! ಮೂರು ಮಿರ್ಚಿ ತಿನ್ನುವಷ್ಟರಲ್ಲಿ ಅದು ನಿಜವಾಗಿಯೂ ಬಂದಿದೆ ಅಂತ ನನಗೇ ಅನ್ನಿಸತೊಡಗಿತ್ತು.

ಮಾವ ಮಾತ್ರ ಗಳದ ಹತ್ತಿರ ಬಗ್ಗಿದರು. “ನೀರು ನಾಕು ಬಳ್ಳು ಏರೈತಲ್ಲೋ. ಮಳಿ ಬಂದಿತ್ತೇನು?”

“ಬಂದಿತ್ತಲ್ರೀ ಮಾವಾರ, ಭಾರಿ ಮಳಿ.”

“ಯಾ ಮಳಿ?” ಎಂದಳು ಗೋಡೆಯಾಚೆಯಿಂದ ದೊಡ್ಡವ್ವ. “ಎಂಟು ದಿವಸ ಹಪ್ಪಳ ಒಣಗಿಸೀನಿ ನಾನು.”

ಮಾವ ನನ್ನನ್ನು ನೋಡಿದರು. ನಾನು ಮಿರ್ಚಿ ನೋಡಿದೆ.

ಕಿತ್ತ ಹೂ ಎಷ್ಟು ದಿನ ಇದ್ದೀತು? ಎರಡು ದಿನಕ್ಕೊಮ್ಮೆ, ಅಕ್ಕ ಹಾಲು ತರಲು ಹೋದ ಹೊತ್ತು ನೋಡಿ, ಚೀಲದಲ್ಲಿ ಹೊಸ ಹೂ ತಂದು ಹಳೆಯದನ್ನು ಬದಲಿಸಿ ಕಟ್ಟುತ್ತಿದ್ದೆ. ಅಕ್ಕ ಫೋನಿನಲ್ಲಿ ಮುನಿರಾಬಾದಿನ ಹಳೆಯ ನೆರೆಯವಳಿಗೆ ವರದಿ ಕೊಡುತ್ತಿದ್ದಳು. “ಎಂಟು ದಿವಸಾತು, ಒಂದ ಎಸಳು ಉದುರಿಲ್ಲ! ಅಲ್ಲಿ ನಾಕು ದಿವಸಕ್ಕ ಉದುರತಿತ್ತು. ಗಂಗಾವತಿ ಮಣ್ಣ ಬ್ಯಾರೆ ಬಿಡು. ಬೀಜ ಕಟ್ಟಿದ ಕೂಡ್ಲೇ ನಿನಗ ಕಳಿಸಿಕೊಡ್ತೀನಿ.” ನಾನು ಪಕ್ಕದಲ್ಲೇ ಕೂತು ಹ್ಞೂಂ ಹ್ಞೂಂ ಎಂದು ತಲೆ ಆಡಿಸುತ್ತಿದ್ದೆ.

ಒಂಬತ್ತನೆಯ ದಿನ ಅಮಾವಾಸ್ಯೆ. ಅಂಗಡಿ ರಜೆ. ನಾನು ಹಿತ್ತಲಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅಕ್ಕ ಬಿಳಿ ಮಲ್ಲಿನ ಬಟ್ಟೆಯ ತುಂಡು ಹಿಡಿದು ಬಂದಳು. ಬೀಜ ನೀರಿಗೆ ಉದುರಿ ಹೋಗದಂತೆ ಹೂವಿಗೆ ಚೀಲ ಕಟ್ಟಬೇಕಂತೆ. ಸೀರೆ ಎತ್ತಿ ಸಿಕ್ಕಿಸಿ ಒಂದು ಕಾಲು ನೀರಿಗೆ ಇಟ್ಟಳು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು.

“ಹಾವು! ಅಕ್ಕಾ, ಹಾವು!”

ಹಾವು ಅಂದರೆ ನಮ್ಮ ಓಣಿಯಲ್ಲಿ ಎಷ್ಟು ಜನರಿದ್ದಾರೆಂದು ತಿಳಿಯುತ್ತದೆ. ಅರೆ ನಿಮಿಷದಲ್ಲಿ ಹಿತ್ತಲು ತುಂಬಿತು. ಕೋಲು, ಸಲಿಕೆ, ಒಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟು. “ಎಲ್ಲಿತ್ತು? ಎಷ್ಟುದ್ದ?” ಎಂದು ನನ್ನನ್ನು ಕೇಳಿದರು. ಇಷ್ಟುದ್ದ ಅಂದೆ. ಯಾವ ಬಣ್ಣ? ಕರೇದು ಅಂದೆ. ದೊಡ್ಡವ್ವ ಗೋಡೆಯ ಮೇಲಿಂದ, “ಆ ಕೆಸುವಿನ ಬುಡಕ ಐತಿ ನೋಡ್ರಿ, ನಾನೂ ನೋಡೀನಿ!” ಎಂದು ನನಗಿಂತ ದೊಡ್ಡ ಸುಳ್ಳು ಹೇಳಿದಳು. ಮಾವ ತಮ್ಮ ನೀರಳೆಯುವ ಗಳವನ್ನು ಕಿತ್ತು ಎಲೆಗಳ ನಡುವೆ ಕಲಕತೊಡಗಿದರು. ಗಳ ಯಾವುದಕ್ಕೋ ಸಿಕ್ಕಿಕೊಂಡಿತು. “ಸಿಕ್ಕೈತಿ! ಸಿಕ್ಕೈತಿ!” ಎಂದು ಎಲ್ಲರೂ ಹಾರಿದರು. ಮಾವ ಬಲವಾಗಿ ಮೀಟಿದರು.

ಕಮಲದ ಹೂ ಗಾಳಿಯಲ್ಲಿ ಹಾರಿ, ಕೊಡೆಯ ಕಡ್ಡಿ ಸಮೇತ ಬಂದು ದಂಡೆಯ ಮೇಲೆ ಬಿತ್ತು.

ಅಕ್ಕ ಬಗ್ಗಿ ಎತ್ತಿಕೊಂಡಳು. ದಂಟನ್ನು ಬಿಗಿದ ದಾರ ನೋಡಿದಳು. ಗೊಬ್ಬರದ ಚೀಲದ ಬಾಯಿ ಹೊಲಿಯುವ ಬಿಳಿ ದಾರ ಅದು. ಇಡೀ ಓಣಿಯಲ್ಲಿ ಅದು ಯಾರ ಮನೆಯಲ್ಲಿರುತ್ತದೆಂದು ಎಲ್ಲರಿಗೂ ಗೊತ್ತು. ನೂರು ಕಣ್ಣು ನನ್ನ ಕಡೆ ತಿರುಗಿದವು.

“ಇದು ನನ್ನ ಕೊಡಿ ಅಲ್ಲೇನೋ?” ಎಂದಳು ಅಕ್ಕ.

ದೊಡ್ಡವ್ವ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಬ್ಯಾಟು ಹಿಡಿದವನಂತೂ ನೆಲದ ಮೇಲೆ ಕೂತುಬಿಟ್ಟ. “ಛತ್ರಿ ಕಮಲ! ಮಳಿಗಾಲಕ್ಕ ಛಲೋ ಆತು!” ನಗು ಓಣಿಯ ಕೊನೆಯವರೆಗೆ ಹೋಯಿತು. ಅಕ್ಕ ನಗಲಿಲ್ಲ. ಎಲ್ಲರೂ ಹೋಗುವವರೆಗೆ ಕಡ್ಡಿ ಹಿಡಿದು ನಿಂತಿದ್ದು, ಆಮೇಲೆ ಹಿತ್ತಲ ಬಾಗಿಲು ಹಾಕಿ ಬಂದು ನನ್ನೆದುರು ಕಲ್ಲಿನ ಮೇಲೆ ಕೂತಳು. ನಾನು ಯೂರಿಯಾದಿಂದ ಹಿಡಿದು ಹೇಳಿದೆ.

“ಮೀನು?” ಎಂದಳು.

“ಸತ್ತವು.”

“ಎಲ್ಲಾ?”

“ಎಲ್ಲಾ. ಈಗಿರೋವು ಹೊಸವು.”

ಅಕ್ಕ ಹೊಂಡದ ಕಡೆ ನೋಡಿದಳು. “ನಾ ಒಂಬತ್ತು ದಿವಸದಿಂದ ಅವುಕ್ಕ ಹಳೇ ಮಾತು ಕೇಳಾಕತ್ತೀನಲ್ಲೋ! ನಿನ್ನ ಸಿಟ್ಟು ಇಳೀತೇನು ಅಂತೀನಿ. ಏನು ತಿಳಕೊಂಡಾವೋ ನನ್ನ, ಹುಚ್ಚಿ ಅಂತ.”

ಅಷ್ಟು ಹೊತ್ತು ಗಂಭೀರವಾಗಿ ಕೂತಿದ್ದ ಮಾವ ‘ಫುರ್’ ಎಂದು ನಕ್ಕರು. ಅಕ್ಕನ ತುಟಿಯೂ ಸ್ವಲ್ಪ ಸಡಿಲವಾಯಿತು. ಆಗ ಕೇಳಿದಳು.

“ಮೊಗ್ಗ ಏನರ ಇತ್ತೇನು? ಖರೇ ಹೇಳು.”

ಮೊಗ್ಗು ಆಗ ಅಂಗಡಿಯಲ್ಲಿ, ಗಜ್ಜರಿ ಬೀಜದ ಖಾಲಿ ಡಬ್ಬಿಯಲ್ಲಿತ್ತು. ಜೇಬಿನಿಂದ ತೆಗೆದು ಅಲ್ಲಿಟ್ಟಿದ್ದೆ. ಎಸೆಯಲು ಕೈ ಬಂದಿರಲಿಲ್ಲ.

“ಇಲ್ಲ,” ಎಂದೆ.

“ಹಂಗಾದ್ರ ಹೋಗಲಿ. ಇಲ್ಲದ್ದು ಹೋದಂಗಾತು,” ಎಂದಳು ಅಕ್ಕ. ನಾನು ಆಕೆಗೆ ಒಂದು ದುಃಖ ಕಡಿಮೆ ಮಾಡಿದೆ ಅಂದುಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ. ಕಡಿಮೆ ಮಾಡಿಕೊಂಡದ್ದು ನನ್ನ ದುಃಖವನ್ನು.

ಶಿಕ್ಷೆ ಅಂದೇ ಜಾರಿಯಾಯಿತು. ಹೊಂಡ ಬರಿದು ಮಾಡಿ ಕೆಸರಿನಲ್ಲಿ ಅಕ್ಕ ಕಾಲಿನಿಂದಲೇ ತಡಕಿದಳು. ಗಡ್ಡೆ ಹೆಚ್ಚುಕಡಿಮೆ ಪೂರ್ತಿ ಮೆತ್ತಗಾಗಿತ್ತು. ಒಂದು ತುದಿಯ ಗಿಣ್ಣು ಮಾತ್ರ ಗಟ್ಟಿ. ಅದನ್ನು ಕತ್ತರಿಸಿ, ಬಕೆಟ್ಟಿನ ನೀರಿ‌ನಲ್ಲಿಟ್ಟು, “ಇಳಿ. ತುಳಿ,” ಎಂದಳು. ಹಳೆಯ ಕೆಸರು ತೆಗೆದು ಹೊಸ ಮಣ್ಣು ಹಾಕಿ ನಾನೊಬ್ಬನೇ ಸಂಜೆಯವರೆಗೆ ತುಳಿದೆ. ದೊಡ್ಡವ್ವ ಗೋಡೆಯ ಮೇಲಿಂದ, “ಆ ಮೂಲಿ ಬಿಟ್ಟೀಯೋ ಮಗನ” ಎಂದು ಉಸ್ತುವಾರಿ ಮಾಡಿದಳು. ಮೇಲೆ ಬಂದಾಗ ಅಕ್ಕ ನನ್ನ ಎರಡೂ ಕೈ ಹಿಡಿದು ಬೆನ್ನ ಹಿಂದೆ ಒಯ್ದು ಜೋಡಿಸಿದಳು. “ಇನ್ನ ಮ್ಯಾಲ ಇಲ್ಲಿ ಬಂದ್ರ ಹಿಂಗ ನಿಂದ್ರಬೇಕು.”

ಒಂದು ವರ್ಷ ಹಾಗೆಯೇ ನಿಂತೆ. ಗಿಣ್ಣು ಚಿಗುರಿತು. ಬೆಕ್ಕಿನ ಕಿವಿಯಷ್ಟು ಎಲೆ, ಆಮೇಲೆ ಅಂಗೈಯಷ್ಟು, ಆಮೇಲೆ ತಟ್ಟೆಯಷ್ಟು. ಓಣಿ ಅದಕ್ಕೆ ಛತ್ರಿ ಕಮಲ ಎಂದೇ ಹೆಸರಿಟ್ಟಿತು. ಮಳೆ ಬಂದರೆ ಸಾಕು, ಯಾರಾದರೂ ಅಕ್ಕನಿಗೆ, “ಒಂದು ಹೂ ಕೊಡ್ರೀ, ತೊಯ್ಯಾಕತ್ತೀನಿ” ಎನ್ನುತ್ತಿದ್ದರು. ಅಕ್ಕ ನಗುತ್ತಿದ್ದಳು. ಆದರೆ ನಳಕ್ಕೆ ಹೋಗುವುದನ್ನು ಬಿಟ್ಟು ಮಾವನನ್ನು ಕಳಿಸತೊಡಗಿದ್ದಳು. “ಅದು ಹೂ ಬಿಡೋ ಜಾತಿ ಅಲ್ಲ ಬಿಡು, ಎಲಿನೂ ಛಂದ ಅದಾವ,” ಎಂದು ಆಗಾಗ ತಾನೇ ಅಂದುಕೊಳ್ಳುತ್ತಿದ್ದಳು. ಹಾಗೆ ಅಂದಾಗಲೆಲ್ಲ ಗಜ್ಜರಿ ಬೀಜದ ಡಬ್ಬಿ ನನ್ನ ಹೊಟ್ಟೆಯೊಳಗೆ ಖಣಖಣ ಅನ್ನುತ್ತಿತ್ತು.

ಈ ವರ್ಷ ಬೇಸಿಗೆಯ ಕೊನೆಗೆ ಒಂದು ಮುಂಜಾನೆ ಮಾವ ಫೋನು ಮಾಡಿದರು. “ನೀರಿನ ಮ್ಯಾಲ ಆರು ಬಳ್ಳು ಎತ್ತರಕ್ಕ ಒಂದು ಮೊಗ್ಗ ಐತಿ. ಕಡ್ಡಿ ಪಡ್ಡಿ ಇಲ್ಲ. ಜಗ್ಗಿ ನೋಡೀನಿ.” ಮೂರು ದಿನ ಬಿಟ್ಟು ಅದು ಅರಳಿತು. ನಾನು ಹೋದಾಗ ಅಕ್ಕ ಕಲ್ಲಿನ ಮೇಲೆ ಕೂತು, ಕೂಗದೆ, ಯಾರನ್ನೂ ಕರೆಯದೆ, ಸುಮ್ಮನೆ ನೋಡುತ್ತಿದ್ದಳು. ಕರೆದರೂ ಯಾರು ನಂಬುತ್ತಾರೆ?

“ಎರಡೂವರಿ ವರ್ಷಕ್ಕ ಮೊದಲನೇದು ನೋಡು ತಮ್ಮಾ. ಒಂದರ ಬಂತು,” ಎಂದಳು.

ನಾನು ಕಾನೂನು ಮುರಿದು ಬಲಗೈ ಮುಂದೆ ತಂದೆ. ಜೇಬಿನಿಂದ ಡಬ್ಬಿ ತೆಗೆದು ಆಕೆಯ ಅಂಗೈಗೆ ಸುರಿದೆ. ಒಣಗಿ, ಕಪ್ಪಾಗಿ, ಲವಂಗದ ಅಣ್ಣನ ಹಾಗಿತ್ತು.

“ಮೊದಲನೇದು ಇದು ಅಕ್ಕಾ. ಹ್ವಾದ ವರ್ಷದ್ದು. ನಾ ಕೊಂದದ್ದು.”

ಅಕ್ಕ ಅದನ್ನು ನೋಡಿದಳು. “ನಾ ಕೇಳಿದ್ದೆ ನಿನಗ.”

“ಹ್ಞೂಂ.”

“ಇಲ್ಲ ಅಂದಿ.”

“ಹ್ಞೂಂ.”

ಬೆನ್ನಿಗೆ ಒಂದು ಏಟು ಬಿತ್ತು. ಅರವತ್ತು ದಾಟಿದ ಕೈ, ಆದರೂ ಉರಿಯಿತು. ಎರಡನೆಯ ಏಟಿಗೆ ಎತ್ತಿದ ಕೈ ಮೇಲೆಯೇ ನಿಂತಿತು.

“ತಡಿ. ನೀ ಗೊಬ್ಬರ ಹಾಕೂಕಿಂತ ಮೊದಲ ಬಂದಿತ್ತೇನಿದು?”

“ಮೊದಲ. ಇಷ್ಟು ದಪ್ಪ ಆಗಾಕ ಎಂಟು ಹತ್ತು ದಿವಸರ ಬೇಕಲ್ಲ. ನೀ ಇಲ್ಲಿದ್ದಾಗನ ಒಳಗ ಹುಟ್ಟಿತ್ತು.”

“ತಾನ? ಯಾರೂ ಏನೂ ಮಾಡದನ?”

“ತಾನ.”

ಅಕ್ಕನ ಮುಖದ ಮೇಲೆ ಆಗ ಬಂದದ್ದನ್ನು ಹೇಗೆ ಬರೆಯಲಿ? ನೀರಿನ ಮೇಲಿದ್ದ ಹೂ ಅರಳಿದ್ದಕ್ಕೂ ಆಕೆಗೆ ಅಂಥ ಖುಷಿಯಾಗಿರಲಿಲ್ಲ. “ಅಯ್ಯಯ್ಯ ನನ್ನವ್ವಾ, ಬಂದಿತ್ತ! ನನ್ನ ಕೈಯಾಗ ಬಂದಿತ್ತ!” ಎಂದವಳು ಎದ್ದಳು. “ಒಂದು ವರ್ಷ ಇದನ್ನ ಡಬ್ಬ್ಯಾಗ ಇಟಗೊಂಡು ಮಂದಿ ಕೈಲೆ ನನಗ ಅನ್ನಿಸಿದೇನೋ ಮೂಳಾ! ಬಂದು ನೋಡ್ಕೊಂತೀನಿ ನಿನ್ನ!” ಎನ್ನುತ್ತಲೇ, ಕರಿ ಮೊಗ್ಗನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಿನಲ್ಲಿ ಓಣಿಗೆ ಓಡಿದಳು.

“ದೊಡ್ಡವ್ವಾ! ಹೊರಗ ಬರ್ರಿ! ಹ್ವಾದ ವರ್ಷಾನ ಬಂದಿತ್ರೀ!”

“ಏನದು? ಸುಟ್ಟ ಬದನಿಕಾಯಿ?” ಎಂದು ಗೋಡೆಯಾಚೆ ದೊಡ್ಡವ್ವ ಕೇಳಿದಳು.

“ಹೂವ್ರೀ! ಹೂವು!” ಅಕ್ಕನ ದನಿ ಒಂದು ಮನೆ ದಾಟಿತು, ಇನ್ನೊಂದು ಮನೆ ದಾಟಿತು, ನಳದ ಕಡೆಗೆ ಹೋಯಿತು. ಅಲ್ಲಿ ಕೊಡಗಳು ಸದ್ದು ಮಾಡುವುದನ್ನು ನಿಲ್ಲಿಸಿದವು.

ಅರಳಿದ ಕಮಲದ ಹತ್ತಿರ ಉಳಿದವರು ಮಾವ ಮತ್ತು ನಾನು. ಮಾವ ಗಳದ ಗೆರೆ ನೋಡಲು ಬಗ್ಗಿದ್ದರು. ನನ್ನ ಕಡೆ ತಿರುಗದೆಯೇ ಅಂದರು:

“ಕೈ ಹಿಂದಕ್ಕ.”

ನಾನು ಕೈ ಹಿಂದೆ ಕಟ್ಟಿಕೊಂಡೆ.